ಹೃದಯದ ಕದಕ್ಕೊಂದು ಕ್ಲಿಪ್ಪು

ಹತ್ತನೇ ತರಗತಿಯ ಮಕ್ಕಳಿಗೆಲ್ಲ ಚಿರಪರಿಚಿತವಾದ ಪ್ರಶ್ನೆಯೊಂದಿದೆ: ಮಾನವ ಹೃದಯದ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ. ಮಕ್ಕಳು ಕೆಂಪು ಪೆನ್ಸಿಲು, ನೀಲಿ ಪೆನ್ಸಿಲು ಹಿಡಿದು ಕೂರುತ್ತಾರೆ. ನಾಲ್ಕು ಕೋಣೆಗಳು ಬರುತ್ತವೆ, ಮಹಾಧಮನಿ ಕೊಡೆಯ ಹಿಡಿಯಂತೆ ಬಾಗಿ ಬರುತ್ತದೆ. ಕೊನೆಗೆ, ಸಮಯ ಉಳಿದರೆ, ಎರಡು ಕೋಣೆಗಳ ನಡುವೆ ಹಕ್ಕಿಯ ರೆಕ್ಕೆಯಂಥ ಎರಡು ಗೀರು ಎಳೆದು ಬಾಣದ ಗುರುತು ಹಾಕಿ ‘ದ್ವಿದಳ ಕವಾಟ’ ಎಂದು ಬರೆಯುತ್ತಾರೆ. ಅರ್ಧ ಅಂಕ. ಅಲ್ಲಿಗೆ ಕವಾಟದ ಕಥೆ ಮುಗಿಯಿತು.

ಆ ಎರಡು ಗೀರುಗಳಿಗೆ ನಮ್ಮ ಪಠ್ಯಪುಸ್ತಕ ಅನ್ಯಾಯ ಮಾಡಿದೆ ಎಂದು ನನಗೆ ಯಾವಾಗಲೂ ಅನಿಸುತ್ತದೆ. ಹೃದಯವೆಂದರೆ ಪಂಪು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಪಂಪನ್ನು ಪಂಪು ಮಾಡುವುದು ಅದರ ಕವಾಟ. ತೋಟದ ಬಾವಿಗೆ ಮೋಟರು ಇಟ್ಟವರನ್ನು ಕೇಳಿ ನೋಡಿ. ಪೈಪಿನ ಬುಡದಲ್ಲಿ, ನೀರಿನೊಳಗೆ ಮುಳುಗಿ ಕೂತಿರುವ ಫುಟ್‌ವಾಲ್ವ್ ನೀರನ್ನು ಮೇಲಕ್ಕೆ ಬಿಡುತ್ತದೆ, ಕೆಳಕ್ಕೆ ಬಿಡುವುದಿಲ್ಲ. ಅದರ ವಾಷರು ಸವೆದರೆ, ಇಲ್ಲವೇ ನಡುವೆ ಒಂದು ಕಡ್ಡಿ ಸಿಕ್ಕಿಕೊಂಡರೆ ಸಾಕು, ರಾತ್ರಿಯಿಡೀ ಪೈಪಿನ ನೀರು ಬಾವಿಗೆ ಇಳಿದುಹೋಗುತ್ತದೆ. ಬೆಳಗ್ಗೆ ಸ್ವಿಚ್ಚು ಹಾಕಿದರೆ ಮೋಟರು ಗುಂಯ್‌ಗುಡುತ್ತದೆ, ನೀರು ಮಾತ್ರ ಬರುವುದಿಲ್ಲ. ಮೋಟರಿನಲ್ಲಿ ಏನೂ ದೋಷವಿಲ್ಲ. ದೋಷವೆಲ್ಲ ಬುಡದ ಆ ಪುಟ್ಟ ಬಾಗಿಲಿನದು.

ಹೃದಯದಲ್ಲಿ ಇಂಥ ಬಾಗಿಲುಗಳು ನಾಲ್ಕು. ಅವುಗಳಲ್ಲಿ ಅತಿ ಹೆಚ್ಚು ಕಷ್ಟ ಸಹಿಸುವುದು ಎಡಗಡೆಯ ಹೃತ್ಕರ್ಣಕ್ಕೂ ಹೃತ್ಕುಕ್ಷಿಗೂ ನಡುವಿನ ದ್ವಿದಳ ಕವಾಟ. ವೈದ್ಯರ ಬಾಯಲ್ಲಿ ಅದರ ಹೆಸರು ಮೈಟ್ರಲ್ ವಾಲ್ವ್. ಕ್ರೈಸ್ತ ಬಿಷಪ್ಪರು ತಲೆಗೆ ಧರಿಸುವ, ನಡುವೆ ಸೀಳಿದ ಎತ್ತರದ ಟೋಪಿಗೆ ‘ಮೈಟರ್’ ಎನ್ನುತ್ತಾರೆ; ಕವಾಟವನ್ನು ನೋಡಿದ ಹಳೆಯ ಕಾಲದ ಅಂಗರಚನಾ ಶಾಸ್ತ್ರಜ್ಞರಿಗೆ ಅದೇ ನೆನಪಾಯಿತು. ಎರಡು ತೆಳ್ಳನೆಯ ದಳಗಳು. ಅವುಗಳ ಅಂಚಿನಿಂದ ಗಾಳಿಪಟದ ಸೂತ್ರದಂತೆ ಹತ್ತಾರು ನವಿರಾದ ಎಳೆಗಳು ಕೆಳಗಿಳಿದು ಹೃತ್ಕುಕ್ಷಿಯ ಗೋಡೆಯ ಎರಡು ಸ್ನಾಯುಗಂಬಗಳಿಗೆ ಕಟ್ಟಿಕೊಂಡಿವೆ. ಹೃತ್ಕುಕ್ಷಿ ಹಿಂಡಿದಾಗ ಒಳಗಿನ ಒತ್ತಡ ಪಾದರಸದ 120 ಮಿಲಿಮೀಟರಿಗೆ ಏರುತ್ತದೆ. ಆಚೆ ಬದಿಯ ಹೃತ್ಕರ್ಣದಲ್ಲಿ ಇರುವುದು ಹತ್ತರ ಆಸುಪಾಸು. ಅಷ್ಟು ಒತ್ತಡದಲ್ಲಿ ದಳಗಳು ಹಿಂದಕ್ಕೆ ಮಗುಚಿಕೊಳ್ಳದಂತೆ ತಡೆಯುವುದು ಆ ಎಳೆಗಳು. ನಿಮಿಷಕ್ಕೆ 70 ಬಡಿತವೆಂದು ಹಿಡಿದರೆ ದಿನಕ್ಕೆ ಎಷ್ಟಾಯಿತು? 1,00,800. ಮನೆಯ ಮುಂಬಾಗಿಲನ್ನು ದಿನಕ್ಕೆ ಒಂದು ಲಕ್ಷ ಸಲ ತೆಗೆದು ಹಾಕಿದರೆ ಕೀಲು ಎಷ್ಟು ದಿನ ಬಾಳೀತು? ಇದು ಎಪ್ಪತ್ತು ಎಂಬತ್ತು ವರ್ಷ ಎಣ್ಣೆ ಕೇಳದೆ ಕೆಲಸ ಮಾಡುತ್ತದೆ.

ಕೆಲವರಲ್ಲಿ ಮಾಡುವುದಿಲ್ಲ. ದಳದ ಅಂಚುಗಳು ಸರಿಯಾಗಿ ಕೂಡಿಕೊಳ್ಳದೆ ಸಂದು ಉಳಿಯುತ್ತದೆ. ಪ್ರತಿ ಹಿಂಡಿಗೂ ಒಂದಷ್ಟು ರಕ್ತ ಮುಂದೆ ಮಹಾಧಮನಿಗೆ ಹೋಗುವ ಬದಲು ಹಿಂದಕ್ಕೆ, ಶ್ವಾಸಕೋಶದ ಕಡೆಗೆ ಚಿಮ್ಮುತ್ತದೆ. ಹೃದಯ ಪಾಪ, ಕೊರತೆ ತುಂಬಲು ಹೆಚ್ಚು ದುಡಿಯುತ್ತದೆ, ದುಡಿದು ದುಡಿದು ಹಿಗ್ಗುತ್ತದೆ, ಹಿಗ್ಗಿದಷ್ಟೂ ಸಂದು ಅಗಲವಾಗುತ್ತದೆ. ಸೋರಿಕೆಯಿಂದ ಸೋರಿಕೆಯೇ ಹುಟ್ಟುವ ವಿಚಿತ್ರ ಲೆಕ್ಕ ಇದು. ರೋಗಿಗೆ ಮೊದಲು ಗೊತ್ತಾಗುವುದು ಮೆಟ್ಟಿಲು ಹತ್ತುವಾಗ. ಆಮೇಲೆ ಸಮತಟ್ಟು ನೆಲದಲ್ಲೂ ಏದುಸಿರು. ಆಮೇಲೆ ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆಂದು ಎರಡು, ಮೂರು ದಿಂಬು. ಸಂಜೆಯಾದರೆ ಪಾದಗಳಲ್ಲಿ ಬಾವು. ಮನೆಯಲ್ಲಿ ಅಜ್ಜನಿಗೋ ಅಜ್ಜಿಗೋ ಹೀಗಾದಾಗ ನಾವು ಸಾಮಾನ್ಯವಾಗಿ ಹೇಳುವ ಮಾತು, ‘ವಯಸ್ಸಾಯಿತಲ್ಲ!’ ವಯಸ್ಸಾದುದು ನಿಜವೇ. ಆದರೆ ಎದೆಗೆ ಸ್ಟೆತಾಸ್ಕೋಪು ಇಟ್ಟ ವೈದ್ಯರಿಗೆ ಲಬ್-ಡಬ್ ನಡುವೆ ಉಸ್ಸೆನ್ನುವ ಸದ್ದು ಕೇಳಿಸಿದರೆ ಅದು ಬರಿಯ ವಯಸ್ಸಲ್ಲ.

ಈಗ ರಿಪೇರಿಯ ಮಾತು. ಬಾವಿಯ ಫುಟ್‌ವಾಲ್ವ್ ಕೆಟ್ಟರೆ ಮೋಟರು ನಿಲ್ಲಿಸಿ, ನಾಲ್ಕು ಜನ ಸೇರಿ ಪೈಪು ಮೇಲೆತ್ತಿ, ವಾಷರು ಬದಲಿಸಿ ಇಳಿಸುತ್ತೇವೆ. ಹೃದಯವೆಂಬ ಮೋಟರನ್ನು ನಿಲ್ಲಿಸುವುದು ಹೇಗೆ? 1953ರಲ್ಲಿ ಅಮೆರಿಕದ ಜಾನ್ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರವನ್ನು ಮನುಷ್ಯರ ಮೇಲೆ ಯಶಸ್ವಿಯಾಗಿ ಬಳಸಿದ ಮೇಲೆ ಅದು ಸಾಧ್ಯವಾಯಿತು. ಎದೆಮೂಳೆಯನ್ನು ಉದ್ದಕ್ಕೆ ಸೀಳಿ, ರಕ್ತವನ್ನು ಯಂತ್ರಕ್ಕೆ ತಿರುಗಿಸಿ, ಹೃದಯವನ್ನು ನಿಲ್ಲಿಸಿ, ಕವಾಟವನ್ನು ಕಣ್ಣಾರೆ ಕಂಡು ಹೊಲಿಯುವುದು. ಹೊಲಿಯಲಾಗದಿದ್ದರೆ ಬದಲಿಸುವುದು. 1960ರಲ್ಲಿ ಪೋರ್ಟ್‌ಲೆಂಡಿನ ಆಲ್ಬರ್ಟ್ ಸ್ಟಾರ್ ಎಂಬ ಯುವ ವೈದ್ಯ ಕೂಡಿಸಿದ ಕೃತಕ ಮೈಟ್ರಲ್ ಕವಾಟವೆಂದರೆ ಪಂಜರದೊಳಗೆ ಕುಣಿಯುವ ಒಂದು ಚೆಂಡು. ಅದನ್ನು ತಯಾರಿಸಿಕೊಟ್ಟ ಲೊವೆಲ್ ಎಡ್ವರ್ಡ್ಸ್ ವೈದ್ಯನಲ್ಲ. ವಿಮಾನಗಳ ಇಂಧನ ಪಂಪಿನಲ್ಲಿ ಕೈ ಪಳಗಿಸಿಕೊಂಡಿದ್ದ ನಿವೃತ್ತ ಎಂಜಿನಿಯರ್. ಇಡೀ ಕೃತಕ ಹೃದಯವನ್ನೇ ಮಾಡೋಣವೆಂದು ಆತ ಬಂದರೆ, ಮೊದಲು ಒಂದು ಕವಾಟ ಮಾಡಿಕೊಡಿ ನೋಡೋಣ ಎಂದರಂತೆ ಸ್ಟಾರ್. ಪಂಪು ರಿಪೇರಿಯ ಹೋಲಿಕೆ ಕೊಟ್ಟೆನೆಂದು ಹೃದಯತಜ್ಞರು ನನ್ನ ಮೇಲೆ ಸಿಟ್ಟಾಗಬೇಕಿಲ್ಲ.

ನಮ್ಮಲ್ಲೂ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ತಂಡ ವರ್ಷಗಟ್ಟಲೆ ಹೆಣಗಿ, ಸೋತ ಮಾದರಿಗಳನ್ನು ಬದಿಗಿಟ್ಟು, ಕೊನೆಗೆ ವಾಲಾಡುವ ತಟ್ಟೆಯ ಕೃತಕ ಕವಾಟವೊಂದನ್ನು ರೂಪಿಸಿತು. ಅದು ಮೊದಲ ರೋಗಿಯ ಎದೆ ಸೇರಿದ್ದು 1990ರ ಡಿಸೆಂಬರಿನಲ್ಲಿ. ವಲಿಯತ್ತಾನ್ ಆಮೇಲೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಕುಲಪತಿಗಳಾಗಿ ಬಂದರು. ಆಮದು ಕವಾಟದ ಬೆಲೆ ಕೇಳಿಯೇ ಮನೆಗೆ ಹಿಂದಿರುಗುತ್ತಿದ್ದ ಕುಟುಂಬಗಳಿಗೆ ಅದೊಂದು ದೊಡ್ಡ ಆಸರೆ.

ಆದರೆ ಎಂಬತ್ತು ದಾಟಿದ, ಸಕ್ಕರೆ ಕಾಯಿಲೆಯ, ಮೂತ್ರಪಿಂಡ ಸೋತ, ಹೃದಯದ ಬಲವೂ ಕುಂದಿದ ರೋಗಿಯ ಎದೆ ಸೀಳುವುದೆಂದರೆ? ಅನೇಕ ಸಲ ಶಸ್ತ್ರವೈದ್ಯರೇ ಕೈಮುಗಿದು ಬೇಡವೆನ್ನುತ್ತಾರೆ. ಅಂಥವರಿಗೆ ಮಾತ್ರೆ ನುಂಗುತ್ತ ಕೂರುವುದೊಂದೇ ದಾರಿಯಾಗಿತ್ತು. ಎದೆ ತೆರೆಯದೆ, ಹೃದಯ ನಿಲ್ಲಿಸದೆ, ರಕ್ತನಾಳದ ದಾರಿಯಲ್ಲೇ ಹೋಗಿ ಕವಾಟ ದುರಸ್ತಿ ಮಾಡಲು ಬರುವುದೇ ಎಂಬ ಪ್ರಶ್ನೆ ಹುಟ್ಟಿದ್ದು ಅಲ್ಲಿ.

ರಕ್ತನಾಳದ ದಾರಿ ಸಿಕ್ಕಿದ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. 1929. ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಸಣ್ಣ ಊರಿನ ಆಸ್ಪತ್ರೆ. ಅಲ್ಲಿ ವರ್ನರ್ ಫೋರ್ಸ್‌ಮನ್ ಎಂಬ, ಆಗಷ್ಟೇ ಡಾಕ್ಟರಾಗಿದ್ದ ಹುಡುಗ. ಕುದುರೆಯ ಕುತ್ತಿಗೆಯ ನಾಳದಿಂದ ಹೃದಯಕ್ಕೆ ನಳಿಕೆ ಇಳಿಸಿದ ಒಂದು ಹಳೆಯ ಚಿತ್ರ ಆತನ ತಲೆ ಕೆಡಿಸಿತ್ತು. ಕುದುರೆಗೆ ಆಗುವುದಾದರೆ ಮನುಷ್ಯನಿಗೇಕೆ ಆಗದು? ಹಿರಿಯ ವೈದ್ಯರು ಖಡಾಖಂಡಿತವಾಗಿ ಬೇಡವೆಂದರು. ಹೃದಯಕ್ಕೆ ಏನಾದರೂ ತಗುಲಿದರೆ ಅದು ಅಲ್ಲಿಗೇ ನಿಲ್ಲುತ್ತದೆಂಬ ಭಯ ಆಗ ಎಲ್ಲರಿಗೂ ಇತ್ತು. ಹುಡುಗ ಗೆರ್ಡಾ ಡಿಟ್ಸನ್ ಎಂಬ ನರ್ಸನ್ನು ಒಪ್ಪಿಸಿದ, ಸಲಕರಣೆಗಳ ಬೀಗದಕೈ ಆಕೆಯ ಬಳಿ ಇತ್ತು. ಪ್ರಯೋಗ ನನ್ನ ಮೇಲೇ ಆಗಲಿ ಎಂದಳು ಆಕೆ. ಸರಿ ಎಂದು ಆಕೆಯನ್ನು ಮೇಜಿಗೆ ಕಟ್ಟಿದ ಫೋರ್ಸ್‌ಮನ್, ಸದ್ದಿಲ್ಲದೆ ತನ್ನದೇ ತೋಳಿನ ಅಭಿಧಮನಿ ಕೊಯ್ದು, ಮೂತ್ರನಾಳಕ್ಕೆ ಬಳಸುವ ತೆಳು ನಳಿಕೆಯನ್ನು ಒಳಗೆ ತಳ್ಳತೊಡಗಿದ. ಗೊತ್ತಾದಾಗ ಆಕೆ ಸಿಟ್ಟಿನಿಂದ ಕೂಗಾಡಿದ್ದಿರಬೇಕು! ಆಮೇಲೆ ಕಟ್ಟು ಬಿಚ್ಚಿಸಿಕೊಂಡು ಆಕೆಯೂ ಜೊತೆಗೆ ನಡೆದಳು. ತೋಳಿನಲ್ಲಿ ನಳಿಕೆ ನೇತಾಡುತ್ತಿರುವಂತೆಯೇ ಮೆಟ್ಟಿಲಿಳಿದು ಎಕ್ಸ್-ರೇ ಕೋಣೆಗೆ ಹೋಗಿ, ಕನ್ನಡಿಯಲ್ಲಿ ಪರದೆ ನೋಡಿಕೊಳ್ಳುತ್ತ, ಒಟ್ಟು 65 ಸೆಂಟಿಮೀಟರ್ ಒಳಗೆ ತಳ್ಳಿದ. ತುದಿ ಬಲ ಹೃತ್ಕರ್ಣ ಮುಟ್ಟಿತ್ತು. ಚಿತ್ರ ತೆಗೆಸಿಕೊಂಡ.

ಬಹುಮಾನ? ಬೈಗುಳ ಮತ್ತು ಕೆಲಸದಿಂದ ವಜಾ. ಕೊನೆಗೆ ಹೃದಯದ ಸಹವಾಸವೇ ಬೇಡವೆಂದು ಫೋರ್ಸ್‌ಮನ್ ಮೂತ್ರಾಂಗಗಳ ವೈದ್ಯನಾದ. ನಾತ್ಸಿ ಪಕ್ಷ ಸೇರಿದ, ಯುದ್ಧಕ್ಕೆ ಹೋಗಿ ಸೆರೆಯಾದ. ಆತನ ಧೈರ್ಯವನ್ನು ಮೆಚ್ಚುವಾಗ ಇದನ್ನೂ ಮರೆಯಬಾರದು. ಇತ್ತ ನ್ಯೂಯಾರ್ಕಿನಲ್ಲಿ ಕೂರ್ನಾನ್ ಮತ್ತು ರಿಚರ್ಡ್ಸ್ ಎಂಬಿಬ್ಬರು ಅದೇ ನಳಿಕೆಯಿಂದ ಹೃದಯದೊಳಗಿನ ಒತ್ತಡ ಅಳೆಯುವ ವಿಧಾನವನ್ನು ಬೆಳೆಸಿದರು. 1956ರಲ್ಲಿ ಮೂವರಿಗೂ ಸೇರಿ ನೊಬೆಲ್ ಬಂದಾಗ ಫೋರ್ಸ್‌ಮನ್ ಪುಟ್ಟ ಊರೊಂದರಲ್ಲಿ ಮೂತ್ರರೋಗಿಗಳನ್ನು ನೋಡಿಕೊಂಡಿದ್ದ. ಹಾಂ, ವಿದ್ಯಾರ್ಥಿಗಳೇ, ಇದನ್ನು ಓದಿ ಯಾರೂ ತಮ್ಮ ಮೇಲೆ ಪ್ರಯೋಗಕ್ಕೆ ಇಳಿಯಬೇಡಿ. ಆ ನಳಿಕೆಗೇ ಈಗ ಕ್ಯಾತಿಟರ್ ಎನ್ನುತ್ತಾರೆ.

ದಾರಿಯೇನೋ ಸಿಕ್ಕಿತು. ಅದರಲ್ಲಿ ಹೋಗಿ ಮಾಡುವುದೇನು? ಬಡಿಯುತ್ತಿರುವ ಹೃದಯದೊಳಗೆ, ರಕ್ತದ ಮಡುವಿನಲ್ಲಿ, ಸೂಜಿದಾರ ಹಿಡಿದು ನಾಜೂಕಾಗಿ ಹೊಲಿಯಲು ಬರುವುದಿಲ್ಲ. ಬಹಳ ಸರಳವಾದ ಒಂದು ಉಪಾಯ ಬೇಕಿತ್ತು. ಅದು ಬಂದದ್ದು ಇಟಲಿಯ ಮಿಲಾನಿನಿಂದ. ಒತ್ತಾವಿಯೊ ಆಲ್ಫಿಯೇರಿ ಎಂಬ ಶಸ್ತ್ರವೈದ್ಯರಿಗೆ ಒಮ್ಮೆ ಬೇರಾವುದೋ ದೋಷಕ್ಕಾಗಿ ತೆರೆದ ಹೃದಯದಲ್ಲಿ ವಿಚಿತ್ರ ಕಂಡಿತು. ಆ ರೋಗಿಯ ಮೈಟ್ರಲ್ ಕವಾಟಕ್ಕೆ ಹುಟ್ಟಿನಿಂದಲೇ ಒಂದರ ಬದಲು ಎರಡು ಕಿಂಡಿ. ಆದರೂ ಸೋರಿಕೆ ಇಲ್ಲ, ಅಡಚಣೆಯೂ ಇಲ್ಲ! ಹಾಗಾದರೆ ಸೋರುವ ಕವಾಟದ ಎರಡೂ ದಳಗಳ ಅಂಚನ್ನು ನಟ್ಟನಡುವೆ ಒಂದಕ್ಕೊಂದು ಹೊಲಿದುಬಿಟ್ಟರೆ? ಕಿಂಡಿ ಎರಡಾಗುತ್ತದೆ, ಅಡ್ಡ ಮಲಗಿಸಿದ ಎಂಟರ ಅಂಕಿಯಂತೆ. ಎರಡು ಪಕ್ಕಗಳಲ್ಲೂ ರಕ್ತ ಇಳಿಯಲು ದಾರಿ ಉಂಟು, ನಡುವಿನ ಸಂದು ಮಾತ್ರ ಬಂದ್. 1991ರಲ್ಲಿ ಹಾಗೆ ಹೊಲಿದರು. ಹರಿದ ಚೀಲದ ಬಾಯಿಗೆ ನಡುವೆ ಒಂದು ಟಾಕು ಹಾಕಿದಂಥ ಕೆಲಸ. ದಳದ ಒಂದೊಂದು ಎಳೆಯನ್ನೂ ಮೊದಲಿನ ರೂಪಕ್ಕೆ ತರಬೇಕೆಂದು ಸಾಧನೆ ಮಾಡಿದ್ದ ಕುಶಲಿಗಳು ಹುಬ್ಬೇರಿಸಿದರು. ಕವಾಟ ಮಾತ್ರ ಸೋರುವುದು ನಿಂತಿತು.

ಟಾಕು ಹಾಕುವ ಜಾಗದಲ್ಲಿ ಕ್ಲಿಪ್ಪು ಹಾಕಿದರೆ ಹೇಗೆ? ಬಟ್ಟೆ ಒಣಹಾಕುವ ಹಗ್ಗಕ್ಕೆ ಸಿಕ್ಕಿಸುತ್ತೇವಲ್ಲ, ಅಂಥದ್ದು. ಕ್ಯಾಲಿಫೋರ್ನಿಯದ ಫ್ರೆಡೆರಿಕ್ ಸೇಂಟ್ ಗೋರ್ ಎಂಬ ಹೃದಯತಜ್ಞರು ಇದರ ಬೆನ್ನು ಹತ್ತಿದರು. 1999ರಲ್ಲಿ ಅದಕ್ಕೆಂದೇ ಒಂದು ಕಂಪನಿ ಹುಟ್ಟಿತು. 2003ರಲ್ಲಿ ವೆನೆಜುವೆಲಾದ ಕರಾಕಸ್‌ನಲ್ಲಿ ಮೊದಲ ಬಾರಿ ಮನುಷ್ಯನ ಕವಾಟಕ್ಕೆ ಕ್ಲಿಪ್ಪು ಬಿತ್ತು. ಹೆಸರು ಮೈಟ್ರಾಕ್ಲಿಪ್. ಯೂರೋಪಿನ ಒಪ್ಪಿಗೆ 2008ರಲ್ಲಿ, ಅಮೆರಿಕದ್ದು 2013ರಲ್ಲಿ. ಈಗ ಅದಕ್ಕೆ ಪೈಪೋಟಿಯಾಗಿ ಪಾಸ್ಕಲ್ ಎಂಬ ಇನ್ನೊಂದು ಸಾಧನವೂ ಇದೆ. ಅದನ್ನು ಮಾಡುವ ಕಂಪನಿಯ ಹೆಸರು ಎಡ್ವರ್ಡ್ಸ್. ಹೌದು, ಅದೇ ಪಂಪಿನ ಎಂಜಿನಿಯರರ ಹೆಸರು.

ಕೆಲಸ ನಡೆಯುವ ಬಗೆ ಹೀಗೆ. ರೋಗಿಗೆ ಅರಿವಳಿಕೆ ಕೊಟ್ಟು, ಅನ್ನನಾಳದೊಳಗೆ ಎಕೋ ಯಂತ್ರದ ತೆಳು ಕೊಳವೆಯನ್ನು ಇಳಿಸುತ್ತಾರೆ. ಅನ್ನನಾಳ ಹೃದಯದ ಬೆನ್ನಿಗೇ ತಾಗಿಕೊಂಡಿರುವುದರಿಂದ ಶಬ್ದಾತೀತ ಅಲೆಗಳಲ್ಲಿ ಕವಾಟ ಸೊಗಸಾಗಿ ಕಾಣುತ್ತದೆ. ವೈದ್ಯರ ಕಣ್ಣು ಇಲ್ಲಿ ಅದೇ. ನಂತರ ತೊಡೆಸಂದಿಯ ಅಭಿಧಮನಿಯಲ್ಲಿ ಸಣ್ಣ ರಂಧ್ರ. ಅದರಿಂದ ಸುಮಾರು 8 ಮಿಲಿಮೀಟರ್ ದಪ್ಪದ ನಳಿಕೆ ಮೇಲೇರಿ ಬಲ ಹೃತ್ಕರ್ಣಕ್ಕೆ ಬರುತ್ತದೆ. ಆದರೆ ಕೆಟ್ಟ ಕವಾಟ ಇರುವುದು ಎಡಗಡೆ. ನಡುವೆ ಗೋಡೆ. ಈಗೇನು ಮಾಡುವುದು? ಇಲ್ಲಿ ಪ್ರಕೃತಿಯೇ ಒಂದು ಗುರುತು ಬಿಟ್ಟಿದೆ. ನಾವು ತಾಯಿಯ ಗರ್ಭದಲ್ಲಿದ್ದಾಗ ಶ್ವಾಸಕೋಶಕ್ಕೆ ಕೆಲಸವಿಲ್ಲ. ಆಗ ಬಲದಿಂದ ಎಡಕ್ಕೆ ರಕ್ತ ನೇರವಾಗಿ ದಾಟಲು ಈ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಹುಟ್ಟಿದ ಮೇಲೆ ಮುಚ್ಚಿಹೋದ ಆ ಕಿಂಡಿಯ ಜಾಗದಲ್ಲಿ ಗೋಡೆ ತೆಳ್ಳಗಿದೆ. ಅಲ್ಲೇ ಸೂಜಿಯಿಂದ ಚುಚ್ಚಿ ಎಡಗಡೆಗೆ ದಾಟುತ್ತಾರೆ. ದಾಟಿದ ತೂತು ಬಹುತೇಕ ತಾನಾಗಿ ಮುಚ್ಚುತ್ತ ಬರುತ್ತದೆ.

ಕ್ಲಿಪ್ಪು ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ್ದು, ಮೇಲೆ ಪಾಲಿಯೆಸ್ಟರ್ ಬಟ್ಟೆಯ ಹೊದಿಕೆ. ತೋಳುಗಳ ಅಗಲ 4ರಿಂದ 6 ಮಿಲಿಮೀಟರ್. ನಳಿಕೆಯ ತುದಿಯಲ್ಲಿ ಮಡಚಿ ಕೂತಿದ್ದ ಅದು ಕವಾಟದ ಮೇಲೆ ಬಂದು ತೋಳು ಬಿಚ್ಚುತ್ತದೆ, ದಳಗಳ ನಡುವೆ ಕೆಳಗಿಳಿಯುತ್ತದೆ, ಮೆಲ್ಲಗೆ ಹಿಂದಕ್ಕೆಳೆದಾಗ ಎರಡೂ ದಳಗಳು ತೋಳಿಗೆ ಸಿಗುತ್ತವೆ. ತೋಳು ಮುಚ್ಚುತ್ತದೆ. ಇಲ್ಲಿ ನನಗೆ ಬಹಳ ಮೆಚ್ಚಿಗೆಯಾದ ಸಂಗತಿ ಇದು: ಕ್ಲಿಪ್ಪನ್ನು ಬಿಟ್ಟುಬರುವ ಮುನ್ನ ಅಲ್ಲೇ, ಆಗಲೇ ಎಕೋದಲ್ಲಿ ನೋಡುತ್ತಾರೆ. ಸೋರಿಕೆ ಕಡಿಮೆಯಾಗದಿದ್ದರೆ ತೋಳು ತೆರೆದು, ಜಾಗ ಬದಲಿಸಿ, ಮತ್ತೆ ಹಿಡಿಯಬಹುದು. ಒಂದು ಸಾಲದಿದ್ದರೆ ಪಕ್ಕದಲ್ಲೇ ಇನ್ನೊಂದು. ಎಲ್ಲ ಸರಿಯೆನಿಸಿದ ಮೇಲಷ್ಟೆ ಕೊಂಡಿ ಕಳಚಿ ನಳಿಕೆ ಹೊರಗೆ. ಇಷ್ಟೂ ಹೊತ್ತು ಹೃದಯ ಬಡಿಯುತ್ತಲೇ ಇರುತ್ತದೆ. ಕೆಲವು ದಿನಗಳಲ್ಲಿ ರೋಗಿ ಮನೆಯಲ್ಲಿ. ತಿಂಗಳುಗಳಲ್ಲಿ ದೇಹದ ಅಂಗಾಂಶವೇ ಕ್ಲಿಪ್ಪಿನ ಮೇಲೆ ಬೆಳೆದು ಅದನ್ನು ತನ್ನದಾಗಿಸಿಕೊಳ್ಳುತ್ತದೆ.

ಕೇಳಲು ಮಾಯಾಜಾಲದಂತಿದೆ. ಇದರಿಂದ ನಿಜಕ್ಕೂ ಲಾಭವೆಷ್ಟು? ವಿಜ್ಞಾನ ಓದುವ ಮಕ್ಕಳು ಸ್ವಲ್ಪ ನಿಧಾನಿಸಬೇಕಾದುದು ಇಲ್ಲೇ. 2011ರಲ್ಲಿ 279 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಕೆಲವರಿಗೆ ಕ್ಲಿಪ್ಪು, ಕೆಲವರಿಗೆ ಶಸ್ತ್ರಕ್ರಿಯೆ ಕೊಟ್ಟು ನೋಡಿದ ಅಧ್ಯಯನ ಪ್ರಕಟವಾಯಿತು. ಕ್ಲಿಪ್ಪಿನಲ್ಲಿ ಅಪಾಯ ಕಡಿಮೆ, ಆದರೆ ಸೋರಿಕೆ ನಿಲ್ಲಿಸುವುದರಲ್ಲಿ ಶಸ್ತ್ರಕ್ರಿಯೆಯೇ ಮೇಲು ಎಂದು ಬಂತು. ಅಂದರೆ ಗಟ್ಟಿಮುಟ್ಟಾದ ರೋಗಿಗೆ, ದಳವೇ ಕೆಟ್ಟಿದ್ದರೆ, ಒಳ್ಳೆಯ ಶಸ್ತ್ರವೈದ್ಯನ ಹೊಲಿಗೆಯೇ ಸರಿ.

ಇನ್ನೊಂದು ಬಗೆಯ ಸೋರಿಕೆ ಇದೆ. ಅದರಲ್ಲಿ ದಳಗಳು ಚೆನ್ನಾಗಿಯೇ ಇರುತ್ತವೆ. ಹೃದಯಾಘಾತದಿಂದಲೋ ಬೇರೆ ಕಾರಣದಿಂದಲೋ ಹೃತ್ಕುಕ್ಷಿ ಹಿಗ್ಗಿ, ದಳಗಳನ್ನು ದೂರ ಎಳೆದಿರುತ್ತದೆ. ಮಳೆಗಾಲದಲ್ಲಿ ಗೋಡೆ ಕುಸಿದು ಚೌಕಟ್ಟು ವಾಲಿದಾಗ ಒಳ್ಳೆಯ ಸಾಗುವಾನಿಯ ಬಾಗಿಲೂ ಕೂಡಿಕೊಳ್ಳದೆ ಹೋಗುವುದಿಲ್ಲವೇ, ಹಾಗೆ. ಇಂಥವರಿಗೆ ಕ್ಲಿಪ್ಪಿನಿಂದ ಪ್ರಯೋಜನವಿದೆಯೇ? 2018ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ಎರಡು ಉತ್ತರಗಳು ಬಂದವು. ಫ್ರಾನ್ಸಿನಲ್ಲಿ 304 ರೋಗಿಗಳ ಅಧ್ಯಯನ: ವರ್ಷದ ಕೊನೆಗೆ ಕ್ಲಿಪ್ಪು ಹಾಕಿಸಿಕೊಂಡವರಿಗೂ ಬರಿ ಔಷಧಿಯವರಿಗೂ ಏನೂ ವ್ಯತ್ಯಾಸವಿಲ್ಲ. ಅಮೆರಿಕ ಮತ್ತು ಕೆನಡಾದ 614 ರೋಗಿಗಳ ಅಧ್ಯಯನ: ಎರಡು ವರ್ಷದಲ್ಲಿ ಬರಿ ಔಷಧಿಯ ಗುಂಪಿನಲ್ಲಿ ನೂರಕ್ಕೆ 46 ಮಂದಿ ತೀರಿಕೊಂಡರೆ ಕ್ಲಿಪ್ಪಿನ ಗುಂಪಿನಲ್ಲಿ 29 ಮಂದಿ.

ಒಂದೇ ಕ್ಲಿಪ್ಪು, ಒಂದೇ ಕಾಯಿಲೆ, ಎರಡು ಉತ್ತರ! ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದು ಪೇಟೆಯಲ್ಲಿ ಅನ್ನಬಹುದು. ಪ್ರಯೋಗಶಾಲೆಯಲ್ಲಿ ಅಷ್ಟು ಸುಲಭವಾಗಿ ಹಾಗೆ ಅನ್ನುವಂತಿಲ್ಲ. ಎರಡೂ ಅಧ್ಯಯನಗಳ ರೋಗಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಅಮೆರಿಕದ ರೋಗಿಗಳಲ್ಲಿ ಸೋರಿಕೆ ಹೆಚ್ಚು, ಹೃದಯದ ಹಿಗ್ಗು ಅಷ್ಟಿಲ್ಲ; ಅವರಿಗೆ ಕೊಡಬಹುದಾದ ಔಷಧಿಗಳನ್ನೆಲ್ಲ ಪೂರ್ತಿ ಪ್ರಮಾಣದಲ್ಲಿ ಕೊಟ್ಟು ಸಾಲದೆಂದಾದ ಮೇಲಷ್ಟೆ ಸೇರಿಸಿಕೊಂಡಿದ್ದರು. ಫ್ರಾನ್ಸಿನವರಲ್ಲಿ ಹೃದಯ ಆಗಲೇ ಬಹಳ ಹಿಗ್ಗಿತ್ತು, ಸೋರಿಕೆ ಅದಕ್ಕೆ ಹೋಲಿಸಿದರೆ ಕಡಿಮೆ. ಗೋಡೆಯೇ ಕುಸಿದಿರುವಾಗ ಬಾಗಿಲಿಗೆ ಚಿಲಕ ಹಾಕಿ ಏನು ಬಂತು? ಈ ವಿವರಣೆಯನ್ನು ಎಲ್ಲ ತಜ್ಞರೂ ಪೂರ್ತಿ ಒಪ್ಪಿಲ್ಲ. ಆದರೂ ಯಾರಿಗೆ ಕ್ಲಿಪ್ಪು ಹಾಕಬೇಕು ಎಂದು ಆರಿಸುವಾಗ ಇಂದು ವೈದ್ಯರು ನೋಡುವುದು ಇದನ್ನೇ.

ಗಣಿತದ ಮಕ್ಕಳಿಗೆ ಒಂದು ಲೆಕ್ಕ. 46ರಲ್ಲಿ 29 ಕಳೆದರೆ 17. ನೂರು ಜನರಿಗೆ ಕ್ಲಿಪ್ಪು ಹಾಕಿದರೆ ಎರಡು ವರ್ಷದಲ್ಲಿ 17 ಜೀವ ಉಳಿಯಿತು. ಅಂದರೆ ಸುಮಾರು ಆರು ಜನರಿಗೆ ಹಾಕಿದರೆ ಒಂದು ಜೀವ. ವೈದ್ಯಶಾಸ್ತ್ರದಲ್ಲಿ ಇದು ಬಹಳ ಒಳ್ಳೆಯ ಫಲಿತಾಂಶ. ಆದರೆ ಇನ್ನೊಂದು ಸಂಖ್ಯೆಯನ್ನೂ ನೋಡಿ: ಕ್ಲಿಪ್ಪು ಬಿದ್ದ ಮೇಲೂ ನೂರಕ್ಕೆ 29 ಮಂದಿ ಉಳಿಯಲಿಲ್ಲ. ಅದೇ ರೋಗಿಗಳ ಐದು ವರ್ಷದ ಲೆಕ್ಕ 2023ರಲ್ಲಿ ಬಂದಾಗ ಕ್ಲಿಪ್ಪಿನ ಗುಂಪಿನಲ್ಲೂ ನೂರಕ್ಕೆ 57 ಮಂದಿ ತೀರಿಕೊಂಡಿದ್ದರು, ಇನ್ನೊಂದು ಗುಂಪಿನಲ್ಲಿ 67. ಹಿಗ್ಗಿ ಸೋತ ಹೃದಯ ಕ್ಲಿಪ್ಪಿನಿಂದ ಹೊಸದಾಗುವುದಿಲ್ಲ. ಆಸ್ಪತ್ರೆಗೆ ಓಡುವುದು ಕಡಿಮೆಯಾಗುತ್ತದೆ, ಉಸಿರು ಸಲೀಸಾಗುತ್ತದೆ, ಒಂದಷ್ಟು ವರ್ಷ ಸಿಗುತ್ತದೆ. ಮೊಮ್ಮಗಳ ಮದುವೆ ನೋಡಬೇಕೆಂದಿರುವ ಅಜ್ಜಿಗೆ ಅದು ಸಣ್ಣದೇನೂ ಅಲ್ಲ. ಆದರೆ ಸಾಧನದ ಬೆಲೆಯೇ ಲಕ್ಷಗಳಲ್ಲಿರುವಾಗ, ಹೊಲ ಮಾರಿ ಹಾಕಿಸಬೇಕೇ ಎಂಬ ಪ್ರಶ್ನೆಯನ್ನು ಮನೆಯವರು ವೈದ್ಯರಲ್ಲಿ ನಾಚಿಕೆಯಿಲ್ಲದೆ ಕೇಳಬೇಕು. ನಮ್ಮವರ ಸೋರಿಕೆ ಯಾವ ಬಗೆಯದು, ಔಷಧಿಗಳೆಲ್ಲ ಪೂರ್ತಿ ಪ್ರಮಾಣದಲ್ಲಿ ಆಗಿವೆಯೇ, ಶಸ್ತ್ರಕ್ರಿಯೆ ಏಕೆ ಬೇಡ, ಈ ಮೂರನ್ನು ಕೇಳಿದರೆ ಒಳ್ಳೆಯ ವೈದ್ಯರು ಬೇಸರಿಸಿಕೊಳ್ಳುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಕಹಿಯಾದ ಒಂದು ಮಾತು ಉಳಿದಿದೆ. ಈ ಪುಟ ಓದುವ ಮಕ್ಕಳ ಪ್ರಾಯದವರಲ್ಲಿ, ನಮ್ಮ ದೇಶದಲ್ಲಿ, ಮೈಟ್ರಲ್ ಕವಾಟ ಕೆಡುವುದಕ್ಕೆ ದೊಡ್ಡ ಕಾರಣ ರುಮ್ಯಾಟಿಕ್ ಜ್ವರ. ಆ ಜ್ವರದಿಂದ ಕೆಟ್ಟ ಕವಾಟಕ್ಕೆ ಈ ಕ್ಲಿಪ್ಪು ಹಾಕುವಂತಿಲ್ಲ. ತಯಾರಕರೇ ಹಾಗೆ ಬರೆದಿದ್ದಾರೆ. ಕಾರಣ ಸರಳ. ಆರೋಗ್ಯವಂತ ಕವಾಟದ ಕಿಂಡಿ 4ರಿಂದ 6 ಚದರ ಸೆಂಟಿಮೀಟರ್. ಕ್ಲಿಪ್ಪು ಬಿದ್ದರೆ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ; ದಳಗಳು ಮೃದುವಾಗಿದ್ದರೆ ಅಷ್ಟು ಸಾಕು. ರುಮ್ಯಾಟಿಕ್ ಜ್ವರ ತಗುಲಿದ ದಳಗಳು ದಪ್ಪವಾಗಿ, ಬಿರುಸಾಗಿ, ಅಂಚಿನಲ್ಲಿ ಒಂದಕ್ಕೊಂದು ಅಂಟಿಕೊಂಡು, ಎಳೆಗಳು ಮುದುಡಿ ಹೋಗಿರುತ್ತವೆ. ಸೋರುವುದರ ಜೊತೆಗೆ ಕಿಂಡಿಯೂ ಕಿರಿದು. ಅಂಥ ಕಡೆ ನಡುವೆ ಕ್ಲಿಪ್ಪು ಸಿಕ್ಕಿಸಿದರೆ ರಕ್ತ ಇಳಿಯಲು ಜಾಗವೇ ಇರುವುದಿಲ್ಲ.

ಬರಿ ಕಿರಿದಾಗಿದ್ದು, ಸೋರಿಕೆ ಇಲ್ಲದಿದ್ದರೆ ಇನ್ನೊಂದು ಕ್ಯಾತಿಟರ್ ವಿದ್ಯೆ ಇದೆ. ಜಪಾನಿನ ಕಾಂಜಿ ಇನೌಯೆ 1982ರಲ್ಲಿ ಮೊದಲು ಮಾಡಿ ತೋರಿಸಿದ ಬಲೂನು. ದಾರಿ ಅದೇ, ತೊಡೆಯಿಂದ ಹೊರಟು ನಡುಗೋಡೆ ಚುಚ್ಚಿ ಎಡಕ್ಕೆ. ಕವಾಟದ ನಡುವೆ ಬಲೂನು ಉಬ್ಬಿಸಿದರೆ ಅಂಟಿದ ಅಂಚು ಬಿಡಿಸಿಕೊಳ್ಳುತ್ತದೆ. ಬೆಂಗಳೂರಿನ ಜಯದೇವ ಸಂಸ್ಥೆಯಲ್ಲಿ ಈ ಚಿಕಿತ್ಸೆ ಬಹಳ ದೊಡ್ಡ ಸಂಖ್ಯೆಯಲ್ಲಿ ನಡೆದುಕೊಂಡು ಬಂದಿದೆ. ಆದರೆ ಸೋರಿಕೆ ಹೆಚ್ಚಿದ್ದರೆ ಬಲೂನೂ ಬೇಡ, ಅದು ಸೋರಿಕೆಯನ್ನು ಇನ್ನಷ್ಟು ಹೆಚ್ಚಿಸೀತು. ಆಗ ಎದೆ ತೆರೆಯುವುದೇ ದಾರಿ. ಅನೇಕರಿಗೆ ಕೃತಕ ಕವಾಟ, ಅದು ಲೋಹದ್ದಾದರೆ ರಕ್ತ ಹೆಪ್ಪುಗಟ್ಟದಂತೆ ಜೀವನಪರ್ಯಂತ ಮಾತ್ರೆ, ಆಗಾಗ ರಕ್ತ ಪರೀಕ್ಷೆ. ಇಪ್ಪತ್ತರ ಹುಡುಗಿಗೆ ಇದರ ಅರ್ಥವೇನೆಂದು ಮದುವೆ, ಬಸಿರು, ಬಾಣಂತನದ ಲೆಕ್ಕ ಹಾಕುವ ತಾಯಂದಿರಿಗೆ ಬಿಡಿಸಿ ಹೇಳಬೇಕಿಲ್ಲ.

ಇಷ್ಟಕ್ಕೆಲ್ಲ ಮೂಲ ಒಂದು ಗಂಟಲುನೋವು. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ್ದು. 5ರಿಂದ 15 ವರ್ಷದವರಿಗೆ ಇದು ಹೆಚ್ಚು. ಒತ್ತೊತ್ತಾಗಿ ಮಲಗುವ ಮನೆ, ಹಾಸ್ಟೆಲುಗಳಲ್ಲಿ ಸುಲಭವಾಗಿ ಹರಡುತ್ತದೆ. ದೇಹ ಇದರ ವಿರುದ್ಧ ತಯಾರಿಸಿದ ಅಸ್ತ್ರಗಳು, ಬ್ಯಾಕ್ಟೀರಿಯಾದ ಹೊದಿಕೆಗೂ ನಮ್ಮದೇ ಹೃದಯದ ಅಂಗಾಂಶಕ್ಕೂ ಇರುವ ಹೋಲಿಕೆಯಿಂದ ಮೋಸಹೋಗಿ, ಕವಾಟದ ಮೇಲೇ ಬೀಳುತ್ತವೆ. ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ, ಕೆಲವರಿಗಷ್ಟೆ. 2015ರಲ್ಲಿ ಜಗತ್ತಿನಲ್ಲಿ ರುಮ್ಯಾಟಿಕ್ ಹೃದ್ರೋಗ ಇದ್ದವರು ಸುಮಾರು 3 ಕೋಟಿ 30 ಲಕ್ಷ ಎಂದು ಅಂದಾಜು. ಹೆಚ್ಚಿನವರು ನಮ್ಮಂಥ ದೇಶಗಳವರೇ. ಶ್ರೀಮಂತ ದೇಶಗಳಲ್ಲಿ ಅದು ಬಹುಮಟ್ಟಿಗೆ ಮರೆತುಹೋದ ಕಾಯಿಲೆ. ಕ್ಲಿಪ್ಪು ಹುಟ್ಟಿದ್ದು ಅವರ ಮುದುಕರಿಗಾಗಿ.

ಮಗುವಿಗೆ ನೆಗಡಿ, ಕೆಮ್ಮಿನ ಜೊತೆ ಗಂಟಲು ಕೆರೆದರೆ ಅದು ಬಹುಮಟ್ಟಿಗೆ ವೈರಸ್ಸಿನದು, ಬಿಸಿನೀರು, ಉಪ್ಪುನೀರಿನ ಮುಕ್ಕುಳಿಸುವಿಕೆ ಸಾಕು. ಆದರೆ ನೆಗಡಿ, ಕೆಮ್ಮು ಇಲ್ಲದೆ ಥಟ್ಟನೆ ಜ್ವರ ಬಂದು, ಉಗುಳು ನುಂಗಲೂ ನೋವಾಗಿ, ಕುತ್ತಿಗೆಯಲ್ಲಿ ಗಡ್ಡೆ ಕಟ್ಟಿ, ಗಂಟಲೊಳಗೆ ಬಿಳಿ ಕೀವು ಕಂಡರೆ ವೈದ್ಯರಲ್ಲಿಗೆ ಹೋಗಲೇಬೇಕು. ನೋವು ಶುರುವಾದ ಒಂಬತ್ತು ದಿನದೊಳಗೆ ಪೆನಿಸಿಲಿನ್ ಆರಂಭಿಸಿದರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಮಾತ್ರೆಯಾದರೆ ಹತ್ತು ದಿನ ಪೂರ್ತಿ. ಮೂರನೇ ದಿನಕ್ಕೆ ಮಗು ಆಡತೊಡಗಿತೆಂದು ಉಳಿದ ಮಾತ್ರೆಯನ್ನು ಮುಂದಿನ ಸಲಕ್ಕೆ ಎತ್ತಿಡುವ ಜಾಣತನ ನಮ್ಮಲ್ಲಿ ಬಹಳ. ಗಂಟಲು ವಾಸಿಯಾದ ಎರಡು, ಮೂರು, ನಾಲ್ಕು ವಾರಕ್ಕೆ ಮಂಡಿ ಊದಿ, ಅದು ಇಳಿಯುವಷ್ಟರಲ್ಲಿ ಹರಡು, ಆಮೇಲೆ ಮೊಣಕೈ ಎಂದು ನೋವು ಕೀಲಿನಿಂದ ಕೀಲಿಗೆ ಹಾರುತ್ತಿದ್ದರೆ ಅದನ್ನು ‘ಬೆಳೆಯುವ ಮಕ್ಕಳ ಕಾಲುನೋವು’ ಎಂದು ಎಣ್ಣೆ ತಿಕ್ಕಿ ಸುಮ್ಮನಾಗಬಾರದು. ಕೀಲು ಹೇಗೂ ಸರಿಹೋಗುತ್ತದೆ, ಗುರುತೂ ಉಳಿಯುವುದಿಲ್ಲ. ಗುರುತು ಉಳಿಯುವುದು ಕವಾಟದ ಮೇಲೆ.

ಒಮ್ಮೆ ಆ ಜ್ವರ ಬಂದ ಮಗುವಿಗೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದನ್ನು ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಕೊಡುತ್ತಾರೆ. ಪ್ರತಿ ಮರುದಾಳಿಯೂ ಕವಾಟವನ್ನು ಇನ್ನಷ್ಟು ಕೆಡಿಸುವುದರಿಂದ ಅದನ್ನು ತಡೆಯುವುದಷ್ಟೇ ಉದ್ದೇಶ. ಔಷಧಿ ಹಳೆಯದು, ಕ್ಲಿಪ್ಪಿನ ಬೆಲೆಯ ಮುಂದೆ ಅದಕ್ಕೆ ಬೆಲೆಯೇ ಇಲ್ಲವೆನ್ನಬೇಕು. ಆದರೆ ನೋಯುತ್ತದೆ, ಚೆನ್ನಾಗಿಯೇ ನೋಯುತ್ತದೆ. ಮಕ್ಕಳು ಅತ್ತು ಕರೆಯುತ್ತಾರೆ, ಹದಿನೈದು ತುಂಬಿದ ಹುಡುಗರು ತಪ್ಪಿಸಿಕೊಳ್ಳುತ್ತಾರೆ. ಪೆನಿಸಿಲಿನ್ ಕೆಲವರಿಗೆ ಒಗ್ಗುವುದಿಲ್ಲವಾದ್ದರಿಂದ ತುರ್ತು ಔಷಧಿ ಇರುವ ಕಡೆಯೇ, ತಿಳಿದವರ ಕೈಯಲ್ಲೇ ಹಾಕಿಸಬೇಕು.

ಎಷ್ಟು ವರ್ಷ? ಹೃದಯಕ್ಕೆ ತಗುಲದಿದ್ದರೆ ಐದು ವರ್ಷ ಅಥವಾ 21 ತುಂಬುವ ತನಕ, ಯಾವುದು ಹೆಚ್ಚೋ ಅದು. ಹೃದಯಕ್ಕೆ ತಗುಲಿಯೂ ಕವಾಟ ಉಳಿದಿದ್ದರೆ ಹತ್ತು ವರ್ಷ ಅಥವಾ 21 ತುಂಬುವ ತನಕ. ಕವಾಟ ಕೆಟ್ಟಿದ್ದರೆ ಹತ್ತು ವರ್ಷ ಅಥವಾ ನಲವತ್ತು ತುಂಬುವ ತನಕ, ಕೆಲವರಿಗೆ ಇನ್ನೂ ಮುಂದೆ. ಊರು ಬಿಟ್ಟು ಕಾಲೇಜಿಗೆ, ಹಾಸ್ಟೆಲಿಗೆ ಹೊರಟ ವರ್ಷವೇ ಈ ಸರಣಿ ಕಡಿದುಹೋಗಲು ಅನುಕೂಲವಾದ ವರ್ಷ. ಟ್ರಂಕಿನಲ್ಲಿ ಮಾರ್ಕ್ಸ್‌ಕಾರ್ಡು, ಟಿ.ಸಿ. ಇಡುವಾಗ ಚುಚ್ಚುಮದ್ದಿನ ದಿನಾಂಕಗಳಿರುವ ಚೀಟಿಯನ್ನೂ ಇಟ್ಟು, ಹೊಸ ಊರಿನಲ್ಲಿ ಅದನ್ನು ಹಾಕುವ ಆಸ್ಪತ್ರೆ ಯಾವುದೆಂದು ಹೊರಡುವ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಮುಂದಿನ ತಾರೀಕು ಪರೀಕ್ಷೆಯ ದಿನಕ್ಕೇ ಬಿದ್ದರೆ ಒಂದೆರಡು ದಿನ ಮುಂಚೆಯೇ ಹಾಕಿಸಬಹುದು. ವೈದ್ಯರನ್ನು ಕೇಳಿದರೆ ಹೇಳುತ್ತಾರೆ.